ಮೌನ ಮುರಿಯಲಿ, ಮನಸ್ಸು ಮುರಿಯದಿರಲಿ

ಶಾಲೆಯ ಹೊಸ ತರಗತಿ ಇರಲಿ, ಯುವಜನರ ಶಿಬಿರವಿರಲಿ, ಧರ್ಮಕೇಂದ್ರದ ಜ್ಞಾನೋಪದೇಶ ತರಗತಿಯ ಮೊದಲ ಭಾನುವಾರವಿರಲಿ, ಆರಂಭದ ಹತ್ತು ನಿಮಿಷ ಎಲ್ಲರಿಗೂ ಮುಜುಗರವೇ. ಗುರುತಿದ್ದವರ ಪಕ್ಕದಲ್ಲೇ ಎಲ್ಲರೂ ಕೂರುತ್ತಾರೆ. ಗುರುತಿಲ್ಲದವರು ನೆಲ ನೋಡುತ್ತಾರೆ. ಈ ಬಿಗುವನ್ನು ಸಡಿಲಿಸಲು ಆಡಿಸುವ ಚಿಕ್ಕ ಆಟಗಳನ್ನು ‘ಐಸ್ ಬ್ರೇಕರ್’ ಎನ್ನುತ್ತಾರೆ. ಇಂಥ ಆಟಗಳು ನೂರಾರು ಇವೆ. ಆರಿಸುವಾಗ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಸಂಕೋಚಪಡುವ ಮಗುವಿಗೆ ಈ ಆಟ ಹೇಗೆನಿಸೀತು?

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಬಿಳೂರಿನತ್ತ ನೋಡೋಣ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಜತ್ತ ಸೀಮೆ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಗಡಿಯಂಚಿನ ಈ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಈ ತಾಲೂಕಿನಲ್ಲಿವೆ.

ಜತ್ತ ಮಳೆ ಕಡಿಮೆಯ ತಾಲೂಕು. ದೀಪಾವಳಿಯ ಹೊತ್ತಿಗೆ ಇಲ್ಲಿಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಹೋಗುತ್ತವೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಮಕ್ಕಳೂ ಜೊತೆಗೆ ಹೋಗಬೇಕಾಗುತ್ತದೆ. ಹಂಗಾಮು ಮುಗಿದು ಮರಳುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಗೆಳೆಯರು ಬೇರೆ ಜೋಡಿಯಾಗಿರುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅಂಥ ಮಗುವಿಗೂ ವಯಸ್ಸಿಗೆ ತಕ್ಕ ತರಗತಿಯಲ್ಲಿ ಜಾಗ ಸಿಗಬೇಕು. ಆದರೆ ಪಕ್ಕದಲ್ಲಿ ಕೂತವರ ಗೆಳೆತನವನ್ನು ಯಾವ ಕಾಯ್ದೆಯೂ ಕೊಡಿಸಲಾರದು.

ಈಗ ಜೂನ್ ತಿಂಗಳ ಮೊದಲ ದಿನದ ತರಗತಿಯನ್ನು ಊಹಿಸಿಕೊಳ್ಳಿ. “ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ?”, “ಅಪ್ಪ ಏನು ಕೆಲಸ ಮಾಡುತ್ತಾರೆ?” ಎಂಬ ಪ್ರಶ್ನೆಗಳ ಆಟ ಶುರುವಾದರೆ ಕಬ್ಬಿನ ಗದ್ದೆಯಿಂದ ಬಂದ ಮಗು ಏನು ಹೇಳಬೇಕು? ಹುಟ್ಟಿದ ದಿನದ ಪ್ರಕಾರ ಸಾಲು ನಿಲ್ಲಿಸುವ ಆಟವೂ ಅಷ್ಟೇ. ನಮ್ಮ ಹಿರಿಯರ ಗುಂಪಿನಲ್ಲಿ ಅದನ್ನು ಆಡಿಸಿ ನೋಡಿ, ಶಾಲೆಯವರು ಬರೆದುಕೊಂಡ ಜೂನ್ 1ರವರೇ ಎಷ್ಟೋ ಮಂದಿ ಇರುತ್ತಾರೆ!

ಒಳ್ಳೆಯ ಆಟಕ್ಕೆ ದೂರ ಹುಡುಕಬೇಕಿಲ್ಲ. ಉತ್ತರ ಕರ್ನಾಟಕದ ಮದುವೆಗಳಲ್ಲಿ ವಧು ವರರು ಒಡಪು ಹಾಕಿ ಒಬ್ಬರ ಹೆಸರನ್ನು ಒಬ್ಬರು ಹೇಳುತ್ತಾರೆ. ಮರಾಠಿಯಲ್ಲಿ ಇದೇ ಉಖಾಣಾ. ಎರಡು ಬೀಗರ ಕಡೆಯವರೂ ಒಟ್ಟಿಗೆ ನಗುವ ಗಳಿಗೆ ಅದು. ಇದನ್ನೇ ಮಕ್ಕಳಿಗೆ ಒಗ್ಗಿಸಬಹುದು. ಇಬ್ಬಿಬ್ಬರ ಜೋಡಿ ಮಾಡಿ, ಐದು ನಿಮಿಷ ಮಾತಾಡಲು ಬಿಡಿ. ಆಮೇಲೆ ಒಬ್ಬರ ಹೆಸರನ್ನು ಇನ್ನೊಬ್ಬರು ಪ್ರಾಸ ಹಾಕಿ ಹೇಳಲಿ: “ಶೇಂಗಾ ಹಿಂಡಿ, ಜ್ವಾಳದ ರೊಟ್ಟಿ, ನನ್ನ ಗೆಳತಿ ಭಾರತಿ ಭಾಳ ಗಟ್ಟಿ!” ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ. ಇಲ್ಲಿ ಯಾರೂ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಬೇಕಿಲ್ಲ, ಹಣ ಖರ್ಚಿಲ್ಲ, ಸೋಲುವವರಿಲ್ಲ.

ಆಟ ಆಡಿಸುವವರು ಈ ಕೆಲವು ಮಾತುಗಳನ್ನು ನೆನಪಿಡಲಿ:

• ಮೊದಲ ಸರದಿ ನಿಮ್ಮದೇ ಇರಲಿ. ನೀವು ನಗೆಪಾಟಲಾಗಲು ಸಿದ್ಧರಿದ್ದರೆ ಮಕ್ಕಳಿಗೆ ಧೈರ್ಯ ಬರುತ್ತದೆ.
• “ಈಗ ಬೇಡ, ಆಮೇಲೆ ಹೇಳುತ್ತೇನೆ” ಎನ್ನುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇರಲಿ.
• ‘ಔಟ್’ ಆದವರನ್ನು ಮೂಲೆಯಲ್ಲಿ ಕೂರಿಸುವ ಆಟ ಮೊದಲ ದಿನಕ್ಕೆ ಬೇಡ.
• ಮೈ ಮುಟ್ಟುವ, ಬಣ್ಣ, ಜಾತಿ, ಬಟ್ಟೆಯ ಬಗ್ಗೆ ಮಾತು ಬರುವ ಆಟಗಳನ್ನು ಬಿಟ್ಟುಬಿಡಿ.
• ಹದಿನೈದು ನಿಮಿಷ ಸಾಕು. ಇನ್ನೂ ಆಡೋಣ ಎನ್ನುವಾಗಲೇ ನಿಲ್ಲಿಸಿ.

ತಂದೆತಾಯಂದಿರಿಗೂ ಇದರಲ್ಲಿ ಪಾಲಿದೆ. ಸಂಜೆ ಮನೆಗೆ ಬಂದ ಮಗುವನ್ನು “ಇವತ್ತು ಏನು ಕಲಿತೆ?” ಎಂದು ಕೇಳುವ ಮೊದಲು, “ಇವತ್ತು ಹೊಸದಾಗಿ ಯಾರ ಹೆಸರು ಗೊತ್ತಾಯಿತು?” ಎಂದು ಕೇಳೋಣ.