ವೈಜ್ಞಾನಿಕ ದತ್ತಾಂಶ ಕಡತಗಳಿಂದ ಕನ್ನಡ ಪದಗಳನ್ನು ತ್ವರಿತವಾಗಿ ಪಡೆಯುವ ಬಗೆ: ವೇಗ ಮತ್ತು ಪದಾಂತ್ಯ ಸ್ವರ

ಧ್ವನಿಮಾಪನದ ದತ್ತಾಂಶವನ್ನು ನೆಟ್‌ಸಿಡಿಎಫ್ ಅಥವಾ ಎಚ್‌ಡಿಎಫ್5 ಕಡತದಲ್ಲಿ ಇರಿಸಿದಾಗ, ಪ್ರತಿಯೊಂದು ಅಳತೆಯ ಜೊತೆಗೆ ಉಚ್ಚರಿತ ಪದ, ಭಾಷಿಕರ ಊರು ಮುಂತಾದ ಲಿಪಿರೂಪದ ಮಾಹಿತಿಯೂ ಸೇರುತ್ತದೆ. ಪೈಥಾನ್‌ನಲ್ಲಿ ಸಂಖ್ಯೆಗಳು ಬೇಗನೆ ದೊರೆತರೂ ಪದಗಳು ತಡವಾಗಿ ದೊರೆಯುವುದು ಸಾಮಾನ್ಯ. ಈ ವಿಳಂಬದ ಕಾರಣವನ್ನೂ ಪರಿಹಾರವನ್ನೂ, ಜೊತೆಗೆ ಕನ್ನಡ ದತ್ತಾಂಶಕ್ಕೆ ಒದಗುವ ಒಂದು ಅಪಾಯವನ್ನೂ ಇಲ್ಲಿ ವಿವೇಚಿಸುತ್ತೇವೆ.

ಚಾಮರಾಜನಗರ ತಾಲ್ಲೂಕಿನ ‘ಚಂದಕವಾಡಿ’ ಎಂಬ ಊರಹೆಸರನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಓದುಗರಿಗೆ ಇದು 5 ಅಕ್ಷರಗಳ ಪದ. ಅನುಸ್ವಾರವನ್ನೂ ಸ್ವರಚಿಹ್ನೆಗಳನ್ನೂ ಬೇರೆಬೇರೆಯಾಗಿ ಎಣಿಸುವ ಯುನಿಕೋಡ್‌ನಲ್ಲಿ ಇದಕ್ಕೆ 8 ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಒಟ್ಟು 24 ಬೈಟ್. ಪ್ರತಿ ಸಂಕೇತಕ್ಕೆ 4 ಬೈಟ್ ಮೀಸಲಿಡುವ ನಂಪೈಯ ಯುನಿಕೋಡ್ ಸರಣಿಯಲ್ಲಿ 32 ಬೈಟ್. ನೆಟ್‌ಸಿಡಿಎಫ್‌ನ ಹಳೆಯ ಮಾದರಿಯಲ್ಲಿ ಪದವೆಂಬ ಘಟಕವೇ ಇಲ್ಲ. ನಿಗದಿತ ಅಗಲದ ಸಾಲಿನಲ್ಲಿ ಬೈಟ್‌ಗಳು ಬಿಡಿಬಿಡಿಯಾಗಿ ಕುಳಿತಿರುತ್ತವೆ.

ವಿಳಂಬಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ. ಒಂದೊಂದು ಪದಕ್ಕೂ ಕಡತವನ್ನು ಪ್ರತ್ಯೇಕವಾಗಿ ಓದುವುದು ಮೊದಲನೆಯದು. ಸಂಕುಚಿತ ಕಡತವಾದರೆ ಒಂದೇ ಪದಕ್ಕಾಗಿ ಇಡೀ ಖಂಡವನ್ನು ಬಿಚ್ಚಬೇಕಾಗುತ್ತದೆ. ಬಿಡಿ ಬೈಟ್‌ಗಳನ್ನು ಪೈಥಾನ್‌ನ ಆವರ್ತನದೊಳಗೆ ಜೋಡಿಸುವುದು ಎರಡನೆಯದು. ಒಂದೇ ಊರಹೆಸರು ಸಾವಿರ ಸಲ ಬಂದರೆ ಸಾವಿರ ಸಲವೂ ಅದನ್ನು ಲಿಪಿಗೆ ಪರಿವರ್ತಿಸುವುದು ಮೂರನೆಯದು.

ಪರಿಹಾರವೂ ಇದೇ ಕ್ರಮದಲ್ಲಿದೆ. ಇಡೀ ಸರಣಿಯನ್ನು, ಅದು ಸ್ಮೃತಿಗೆ ಮೀರಿದ್ದಾದರೆ ದೊಡ್ಡ ತುಂಡುಗಳನ್ನು, ಒಂದೇ ಬಾರಿಗೆ ಓದಬೇಕು. ಗ್ರಂಥಾಲಯವು ತಾನಾಗಿ ಮಾಡುವ ಪರಿವರ್ತನೆಯನ್ನು ನಿಲ್ಲಿಸಿ, ಸಾಲಿನ 24 ಬೈಟ್‌ಗಳನ್ನು ನಂಪೈಯ ‘ವ್ಯೂ’ ಮೂಲಕ ಒಂದೇ ಪದವೆಂದು ಪರಿಗಣಿಸಬೇಕು. ಬೈಟ್‌ಗಳು ಸ್ಮೃತಿಯಲ್ಲಿ ಒತ್ತಾಗಿ ಇದ್ದರೆ ಇದಕ್ಕೆ ನಕಲು ಬೇಕಿಲ್ಲ. ಬಳಿಕ ‘ಯೂನೀಕ್’ ಮೂಲಕ ಭಿನ್ನರೂಪಗಳನ್ನಷ್ಟೇ ಆಯ್ದು, ಅವನ್ನು ಮಾತ್ರ ಲಿಪಿಗೆ ಪರಿವರ್ತಿಸಿ, ಸ್ಥಾನಸೂಚಿಯ ನೆರವಿನಿಂದ ಮೂಲ ಕ್ರಮಕ್ಕೆ ಹಂಚಬೇಕು. ಎಚ್‌ಡಿಎಫ್5ರಲ್ಲಿ ಪದಗಳು ಅನಿಯತ ಉದ್ದದವಾಗಿದ್ದರೆ ‘ವ್ಯೂ’ ಒದಗದು; ಆದರೆ ಒಟ್ಟಾಗಿ ಓದುವ ಮತ್ತು ಭಿನ್ನರೂಪಗಳನ್ನಷ್ಟೇ ಪರಿವರ್ತಿಸುವ ಲಾಭ ಅಲ್ಲಿಯೂ ಉಂಟು.

ಅಪಾಯವಿರುವುದು ನಿಗದಿತ ಅಗಲದಲ್ಲಿ. ಕಡತವನ್ನು ರಚಿಸಿದವರು 20 ಬೈಟ್ ಮಾತ್ರ ಮೀಸಲಿಟ್ಟಿದ್ದರೆ ‘ಡ’ ಎಂಬ ಸಂಕೇತವು ನಡುವೆಯೇ ತುಂಡಾಗಿ, ಪರಿವರ್ತನೆಯಲ್ಲಿ ದೋಷಸೂಚನೆ ಬರುತ್ತದೆ. 21 ಬೈಟ್ ಇಟ್ಟಿದ್ದರೆ ‘ಚಂದಕವಾಡ’ ಎಂಬ ರೂಪವು ಯಾವ ಸೂಚನೆಯೂ ಇಲ್ಲದೆ ದೊರೆಯುತ್ತದೆ. 18 ಬೈಟ್‌ಗಳ ‘ಅದಕ್ಕೆ’ ಎಂಬ ರೂಪವು 15 ಬೈಟ್‌ಗಳ ಅಂಕಣದಲ್ಲಿ ‘ಅದಕ್ಕ’ ಆಗುತ್ತದೆ. ಇದು ಧಾರವಾಡದ ಕಡೆ ನಿಜವಾಗಿಯೂ ಬಳಕೆಯಲ್ಲಿರುವ ರೂಪ. ಹೀಗೆ ದಕ್ಷಿಣದ ಭಾಷಿಕರ ಮಾತಿಗೆ ಉತ್ತರದ ಪದಾಂತ್ಯ ಸ್ವರವು ಅಂಟಿಕೊಂಡು, ಕಡತದ ದೋಷವೇ ಉಪಭಾಷಾ ಲಕ್ಷಣವಾಗಿ ವಿಶ್ಲೇಷಣೆಗೆ ಸೇರಿಬಿಡಬಹುದು. 16 ಬೈಟ್‌ಗಳ ಅಂಕಣದಲ್ಲಿ ದೋಷಸೂಚನೆ ಬಂದಾಗ ‘ಇಗ್ನೋರ್’ ಆಯ್ಕೆಯಿಂದ ಅದನ್ನು ಮುಚ್ಚಿದರೂ ಇದೇ ಫಲ.

ಮೇಲಿನ ತ್ವರಿತ ವಿಧಾನದಲ್ಲಿ ದತ್ತಾಂಶವು ಇನ್ನೂ ಬೈಟ್‌ರೂಪದಲ್ಲಿರುವಾಗಲೇ ಪರೀಕ್ಷೆ ಸಾಧ್ಯ. ಸಾಲಿನ ಕೊನೆಯಿಂದ ಮೂರನೆಯ ಬೈಟ್ ಶೂನ್ಯವಲ್ಲದಿದ್ದರೆ ಅಲ್ಲಿ ಇನ್ನೊಂದು ಕನ್ನಡ ಸಂಕೇತಕ್ಕೆ ಎಡೆಯಿರಲಿಲ್ಲವೆಂದೇ ಅರ್ಥ. ಖಾಲಿ ಜಾಗವನ್ನು ಶೂನ್ಯದ ಬದಲು ತೆರಪಿನಿಂದ ತುಂಬಿದ ಕಡತಗಳಲ್ಲಿ ಹೋಲಿಕೆಯನ್ನು ತೆರಪಿನೊಡನೆ ಮಾಡಬೇಕು. ಒಂದೇ ಹೋಲಿಕೆಯಿಂದ ಇಂಥ ಸಾಲುಗಳೆಲ್ಲವೂ ಗುರುತಿಗೆ ಸಿಗುತ್ತವೆ. ಅಂಕಣವನ್ನು ಸರಿಯಾಗಿ ತುಂಬಿದ ಪೂರ್ಣ ಪದಗಳೂ ಇವುಗಳಲ್ಲಿ ಇರಬಹುದಾದ್ದರಿಂದ ಇದು ಶಂಕೆಯೇ ಹೊರತು ನಿರ್ಣಯವಲ್ಲ; ನಿರ್ಣಯಕ್ಕೆ ಮೂಲ ಧ್ವನಿಮುದ್ರಣವನ್ನೇ ಆಶ್ರಯಿಸಬೇಕು. ಪದಾಂತ್ಯ ಸ್ವರವನ್ನು ಆಧರಿಸಿದ ಯಾವುದೇ ಎಣಿಕೆಗೆ ಮೊದಲು ಈ ಪರೀಕ್ಷೆಯನ್ನು ನಡೆಸಿ, ಶಂಕಿತ ಸಾಲುಗಳ ಸಂಖ್ಯೆಯನ್ನು ಫಲಿತಾಂಶದೊಡನೆ ನಮೂದಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.