ಹೆರಿಗೆ ಆಸ್ಪತ್ರೆಯಲ್ಲಿ ರಕ್ತ: ಸಿಬ್ಬಂದಿ ಕಲಿಯಬೇಕಾದ ಪಾಠಗಳು

ಹೆರಿಗೆ ಆಸ್ಪತ್ರೆಯಲ್ಲಿ ರಕ್ತ ಬೇಕಾಗುವುದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ. ತೀವ್ರ ರಕ್ತಹೀನತೆ ಇರುವ ಗರ್ಭಿಣಿಗೆ ಹೆರಿಗೆ ಹತ್ತಿರವಾದಾಗ ಒಂದು. ಹೆರಿಗೆ, ಗರ್ಭಪಾತ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ವಿಪರೀತ ರಕ್ತ ಹೋದಾಗ ಇನ್ನೊಂದು. ಭಾರತದಲ್ಲಿ ದಾನಿಗಳಿಂದ ಪಡೆದ ಪ್ರತಿ ಯೂನಿಟ್ ರಕ್ತವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಕ್ಕೆ ಪರೀಕ್ಷಿಸುವುದು ಕಡ್ಡಾಯ. ಹಾಗಾಗಿ ರಕ್ತನಿಧಿಯಿಂದ ಹೊರಡುವ ಚೀಲ ಬಹುಮಟ್ಟಿಗೆ ಸುರಕ್ಷಿತ. ಆದರೆ ಆ ರಕ್ತ ಯಾರಿಗೆ ಬೇಕು, ಎಷ್ಟು ಬೇಕು ಎಂದು ತೀರ್ಮಾನಿಸುವುದು, ಸರಿಯಾದ ಹಾಸಿಗೆಗೆ ತಲುಪಿಸುವುದು, ಏರಿಸುವಾಗ ರೋಗಿಯ ಮೇಲೆ ಕಣ್ಣಿಡುವುದು ವಾರ್ಡಿನ ವೈದ್ಯರು, ನರ್ಸ್‌ಗಳು ಮತ್ತು ಸಹಾಯಕರ ಕೆಲಸ. ತಪ್ಪಿಗೆ ಹೆಚ್ಚು ಎಡೆ ಇರುವುದೂ ಅಲ್ಲೇ. ಸಿಬ್ಬಂದಿ ತರಬೇತಿಗೆ ಮಹತ್ವ ಬಂದಿರುವುದು ಈ ಕಾರಣಕ್ಕೆ.

ರಕ್ತ ಯಾವಾಗ ಬೇಡ ಎಂಬುದು ತರಬೇತಿಯ ಮೊದಲ ಪಾಠ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕೆಳಗಿದ್ದರೆ ಅದು ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಕೇಂದ್ರ ಸರ್ಕಾರದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ಮಾರ್ಗಸೂಚಿಯಂತೆ 5 ಗ್ರಾಂಗಿಂತ ಕಡಿಮೆ ಇದ್ದರೆ ಎಷ್ಟನೇ ತಿಂಗಳಾದರೂ ಕೂಡಲೇ ಆಸ್ಪತ್ರೆಗೆ ಸೇರಿಸಿ, ಕೆಂಪು ರಕ್ತಕಣ ಕೊಡಲು ಸಿದ್ಧರಿರಬೇಕು. ಅದಕ್ಕಿಂತ ಮೇಲಿನ ಹಂತಗಳಲ್ಲಿ, ಹೆರಿಗೆಗೆ ಇನ್ನೂ ಸಮಯವಿದ್ದರೆ, ಕಬ್ಬಿಣಾಂಶದ ಮಾತ್ರೆ ಅಥವಾ ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ನಿನಿಂದಲೇ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಒಂದು ಯೂನಿಟ್ ಕೆಂಪುಕಣ ಹಿಮೋಗ್ಲೋಬಿನ್ನನ್ನು ಸುಮಾರು 1 ಗ್ರಾಂ ಏರಿಸುತ್ತದೆ. ರಕ್ತಸ್ರಾವ ನಿಂತಿರುವ ಬಾಣಂತಿಗೆ ಒಂದು ಯೂನಿಟ್ ಕೊಟ್ಟು, ಮತ್ತೆ ಪರೀಕ್ಷಿಸಿ, ಬೇಕಿದ್ದರಷ್ಟೇ ಎರಡನೆಯದನ್ನು ಕೊಡುವುದು ಈಗಿನ ಪದ್ಧತಿ. ಅನಗತ್ಯ ರಕ್ತದಿಂದ ಮೈಕೈ ತುರಿಕೆ, ಜ್ವರ ಮಾತ್ರವಲ್ಲ, ಹೃದಯಕ್ಕೆ ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಇದೆ; ಬಿಪಿ ಏರಿದ ಗರ್ಭಿಣಿಯರಲ್ಲಿ ಮತ್ತು ದೀರ್ಘಕಾಲದ ತೀವ್ರ ರಕ್ತಹೀನತೆ ಇರುವವರಲ್ಲಿ ಇದು ಹೆಚ್ಚು. ಬೇರೊಬ್ಬರ ಕೆಂಪುಕಣಗಳ ವಿರುದ್ಧ ದೇಹದಲ್ಲಿ ಪ್ರತಿಕಾಯ ಹುಟ್ಟಿದರೆ ಮುಂದಿನ ಬಸಿರಿನ ಮಗುವಿಗೂ ತೊಂದರೆಯಾಗಬಹುದು.

ಹೋದ ರಕ್ತವನ್ನು ಅಳೆಯುವುದು ಎರಡನೆಯ ಪಾಠ. ಸಹಜ ಹೆರಿಗೆಯ ನಂತರ 500 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಹೋದರೆ ಎಚ್ಚರಿಕೆಯ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದೆ. ಬಟ್ಟೆ, ನೆಲ, ಬೇಸಿನ್ನುಗಳಲ್ಲಿ ಹರಡಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಲೆಕ್ಕ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಇದಕ್ಕೆ ಉತ್ತರ ಹುಡುಕುವಲ್ಲಿ ಬೆಳಗಾವಿಯ ಪಾಲೂ ಇದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಹಾಳೆಯನ್ನು ಬಳಸಿ ನೋಡಿದಾಗ, ಕಣ್ಣಂದಾಜು ಹಾಳೆಯ ಲೆಕ್ಕಕ್ಕಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇತ್ತು. ಇದರ ವರದಿ 2006ರಲ್ಲಿ ಪ್ರಕಟವಾಯಿತು.

ಮೂರನೆಯದು ಗುರುತಿನ ಪಾಠ. ಹೊಂದದ ಗುಂಪಿನ ರಕ್ತ ಮೈ ಸೇರಿದರೆ ಕೆಂಪುಕಣಗಳು ಒಡೆದು, ಮೂತ್ರಪಿಂಡ ಕೆಟ್ಟು, ಪ್ರಾಣಕ್ಕೇ ಕುತ್ತು ಬರಬಹುದು. ಇದಕ್ಕೆ ಮೂಲ ಅನೇಕ ವೇಳೆ ಚೀಟಿಯ ಅದಲುಬದಲು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಿಯರೋ ಇಬ್ಬರು ಫಾತಿಮಾರೋ ಇರುವುದು ಅಪರೂಪವಲ್ಲ. ಆದ್ದರಿಂದ ರಕ್ತದ ಮಾದರಿ ತೆಗೆದ ಟ್ಯೂಬಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಹೆಸರು, ಒಳರೋಗಿ ಸಂಖ್ಯೆ ಬರೆಯಬೇಕು. ಮೊದಲೇ ಚೀಟಿ ಅಂಟಿಸಿಟ್ಟುಕೊಳ್ಳಬಾರದು. ರಕ್ತ ಏರಿಸುವ ಮೊದಲು ಇಬ್ಬರು ಸಿಬ್ಬಂದಿ ಚೀಲ, ಕೇಸ್ ಶೀಟ್, ಕೈಪಟ್ಟಿ ಮೂರನ್ನೂ ತಾಳೆ ನೋಡಬೇಕು. “ನೀವು ಲಕ್ಷ್ಮೀನಾ?” ಎಂದು ಕೇಳಿದರೆ ಸುಸ್ತಾದ ಬಾಣಂತಿ ಸುಮ್ಮನೆ ತಲೆಯಾಡಿಸಬಹುದು. “ನಿಮ್ಮ ಹೆಸರೇನಮ್ಮ?” ಎಂದೇ ಕೇಳಬೇಕು.

ಚೀಲ ವಾರ್ಡಿಗೆ ಬಂದ ಮೇಲಿನ ನಿಯಮಗಳು ಸರಳ. ಕೆಂಪುಕಣಗಳನ್ನು ರಕ್ತನಿಧಿಯಲ್ಲಿ 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ವಾರ್ಡಿನ ಸಾಮಾನ್ಯ ಫ್ರಿಜ್ಜಿನಲ್ಲಿ ಇಡುವುದಾಗಲಿ, ಬಿಸಿನೀರಿನಲ್ಲಿ ಮುಳುಗಿಸುವುದಾಗಲಿ ಕೂಡದು. ತಂದ ಕೂಡಲೇ ಆರಂಭಿಸಿ 4 ಗಂಟೆಯೊಳಗೆ ಮುಗಿಸಬೇಕು. ಅದೇ ನಳಿಕೆಯಲ್ಲಿ ಬೇರೆ ಔಷಧ ಬೆರೆಸಬಾರದು. ಮೊದಲ 15 ನಿಮಿಷ ನಿಧಾನವಾಗಿ ಬಿಟ್ಟು ನರ್ಸ್ ಹತ್ತಿರವೇ ಇದ್ದು ಜ್ವರ, ನಾಡಿ, ಬಿಪಿ, ಉಸಿರಾಟ ಗಮನಿಸಬೇಕು. ಚಳಿ, ಸೊಂಟನೋವು, ಉಬ್ಬಸ ಕಂಡರೆ ತಕ್ಷಣ ರಕ್ತ ನಿಲ್ಲಿಸಿ, ಸೂಜಿ ತೆಗೆಯದೆ ಸಲೈನ್ ಬಿಟ್ಟು, ವೈದ್ಯರನ್ನು ಕರೆದು, ಚೀಲವನ್ನು ರಕ್ತನಿಧಿಗೆ ಮರಳಿಸಬೇಕು.

ತುರ್ತು ರಕ್ತಸ್ರಾವದಲ್ಲಿ ಅಳೆಯುವುದು, ರಕ್ತ ತರಿಸುವುದು, ತಾಳೆ ನೋಡುವುದು ಎಲ್ಲ ಕೆಲವೇ ನಿಮಿಷಗಳಲ್ಲಿ ನಡೆಯಬೇಕು. ಯಾರು ಗರ್ಭಕೋಶ ನೀವಬೇಕು, ಯಾರು ಹೆರಿಗೆಯಾದ 3 ಗಂಟೆಯೊಳಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಕೊಡಬೇಕು, ಯಾರು ರಕ್ತನಿಧಿಗೆ ಫೋನ್ ಮಾಡಬೇಕು, ಯಾರು ಓಡಬೇಕು ಎಂಬುದು ಮೊದಲೇ ಗೊತ್ತಿರಬೇಕು. ಗುಂಪು ತಿಳಿಯುವಷ್ಟು ಸಮಯವಿಲ್ಲದಿದ್ದರೆ ಒ ನೆಗೆಟಿವ್ ಕೆಂಪುಕಣ ಕೊಡುತ್ತಾರೆ. ಆರ್‌ಎಚ್ ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ, ಪ್ರತಿಕಾಯ ಹುಟ್ಟದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ನನ್ನು 72 ಗಂಟೆಯೊಳಗೆ ಕೊಡುವುದನ್ನೂ ಸಿಬ್ಬಂದಿ ಮರೆಯಬಾರದು.

ಇವನ್ನೆಲ್ಲ ವರ್ಷಕ್ಕೊಂದು ಉಪನ್ಯಾಸದಲ್ಲಿ ಕಲಿಸಲಾಗದು. ಹೌಸ್ ಸರ್ಜನ್‌ಗಳು ಬದಲಾಗುತ್ತಾರೆ, ನರ್ಸ್‌ಗಳಿಗೆ ವರ್ಗವಾಗುತ್ತದೆ, ಕಲಿತದ್ದು ಮಸುಕಾಗುತ್ತದೆ. ಹೆರಿಗೆ ಕೊಠಡಿಯಲ್ಲೇ ನಡೆಸುವ ಅಣಕು ತಾಲೀಮು, ಹೊಸಬರಿಗೆ ಸೇರಿದ ದಿನದ ಪಾಠ, ಕಾರಣ ಬರೆಯದೆ ರಕ್ತ ಕೇಳಲಾಗದಂಥ ಬೇಡಿಕೆ ಪತ್ರ, ಗೋಡೆಗೆ ಹಚ್ಚಿದ ಪರಿಶೀಲನಾ ಪಟ್ಟಿ, ತಿಂಗಳಿಗೊಮ್ಮೆ ಲೆಕ್ಕಪರಿಶೋಧನೆ ಇವು ಒಟ್ಟಿಗೆ ಸೇರಿದಾಗ ರೂಢಿ ಬದಲಾಗುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಇದಕ್ಕೆ ಸಾಕ್ಷಿ. ಅಳತೆಯ ಹಾಳೆ, ಒಟ್ಟಾಗಿ ಕೊಡುವ ಚಿಕಿತ್ಸೆ, ತರಬೇತಿ, ಫಲಿತಾಂಶವನ್ನು ಸಿಬ್ಬಂದಿಗೆ ತಿಳಿಸುವ ವ್ಯವಸ್ಥೆ ಇವೆಲ್ಲ ಸೇರಿದ ಕಡೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಮತ್ತು ಸಾವು, ಒಟ್ಟು ಸೇರಿಸಿ ನೋಡಿದಾಗ, ಶೇ. 60ರಷ್ಟು ಇಳಿದವು.

ತರಬೇತಿ ಫಲ ಕೊಟ್ಟಿತೇ ಎಂದು ತಿಳಿಯಲು ಆಸ್ಪತ್ರೆ ಕೆಲವನ್ನು ಎಣಿಸುತ್ತಿರಬೇಕು: ಹೊಂದಿಸಿಟ್ಟ ಚೀಲಗಳಲ್ಲಿ ಎಷ್ಟು ಬಳಕೆಯಾದವು, ರಕ್ತ ಕೊಡುವ ಮೊದಲು ಹಿಮೋಗ್ಲೋಬಿನ್ ಎಷ್ಟಿತ್ತು, ಚೀಟಿ ತಪ್ಪಿ ಎಷ್ಟು ಟ್ಯೂಬು ವಾಪಸಾದವು, ಎಷ್ಟು ಪ್ರತಿಕ್ರಿಯೆಗಳು ವರದಿಯಾದವು. ಇಂಥ ವರದಿ ಸಂಗ್ರಹಿಸಲು ಭಾರತದಲ್ಲಿ 2012ರ ಡಿಸೆಂಬರ್‌ನಿಂದ ಹಿಮೋವಿಜಿಲೆನ್ಸ್ ಕಾರ್ಯಕ್ರಮವಿದೆ. ವರದಿ ಮಾಡಿದವರಿಗೆ ಶಿಕ್ಷೆಯ ಭಯವಿದ್ದರೆ ತಪ್ಪುಗಳು ಮುಚ್ಚಿಹೋಗುತ್ತವೆ. ಭಯವಿಲ್ಲದ ಕಡೆ ಪ್ರತಿ ವರದಿಯೂ ಮುಂದಿನ ತರಬೇತಿಗೆ ಪಾಠವಾಗುತ್ತದೆ.