ಪಿಸ್ಟನ್ ಇಲ್ಲದ ಇಂಜಿನ್‌ಗೆ ಮನಸೋತವರು

1991ರ ಜೂನ್ 23, ಭಾನುವಾರ ಸಂಜೆ ನಾಲ್ಕು ಗಂಟೆ. ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಗಳ ಕಾರು ಓಟ ಮುಗಿದಾಗ ಎಲ್ಲರಿಗಿಂತ ಮುಂದಿದ್ದದ್ದು ಕಿತ್ತಳೆ-ಹಸಿರು ಬಣ್ಣದ, 55ನೇ ನಂಬರಿನ ಮಾಜ್ದಾ 787ಬಿ. ಮರ್ಸಿಡಿಸ್, ಜಾಗ್ವಾರ್, ಪೋರ್ಷೆಗಳನ್ನು ಹಿಂದೆ ಹಾಕಿ ಅದು 362 ಸುತ್ತು ಓಡಿತ್ತು, ಅಂದರೆ ಹೆಚ್ಚುಕಡಿಮೆ 4,900 ಕಿಲೋಮೀಟರ್. ಕೊನೆಯ ಸರದಿಯಲ್ಲಿ ಓಡಿಸಿದ ಜಾನಿ ಹರ್ಬರ್ಟ್ ಮೈಯಲ್ಲಿ ನೀರಿನಂಶ ಬತ್ತಿ ಕುಸಿದರು. ಬಹುಮಾನದ ವೇದಿಕೆಗೆ ಅವರನ್ನು ಬಿಟ್ಟು ಜೊತೆಗಾರರಿಬ್ಬರೇ ಹತ್ತಬೇಕಾಯಿತು. ಜಪಾನಿನ ಕಂಪನಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಎರಡನೆಯದಕ್ಕೆ 2018ರ ಟೊಯೊಟಾ ತನಕ ಕಾಯಬೇಕಾಯಿತು.

ಆದರೆ ಇಂಜಿನ್ ಹುಚ್ಚಿನವರು ಆ ಓಟವನ್ನು ನೆನೆಯುವುದು ಗೆಲುವಿಗಿಂತ ಹೆಚ್ಚಾಗಿ ಸದ್ದಿಗಾಗಿ. ಕಾರಿನ ಬೆನ್ನಿಗಿದ್ದ ಆರ್26ಬಿ ಇಂಜಿನ್‌ನಲ್ಲಿ ಪಿಸ್ಟನ್ ಇರಲಿಲ್ಲ, ವಾಲ್ವ್ ಇರಲಿಲ್ಲ. ಇದ್ದದ್ದು ಸಾಲಾಗಿ ನಾಲ್ಕು ರೋಟರ್, ಕೇವಲ 2.6 ಲೀಟರ್ ಅಳತೆ, 700ರಷ್ಟು ಅಶ್ವಶಕ್ತಿ. ನಿಮಿಷಕ್ಕೆ 9,000 ಸುತ್ತಿನಲ್ಲಿ ಅದು ಹಾಕುತ್ತಿದ್ದ ಕೂಗನ್ನು ಕೇಳಿದವರು ಇವತ್ತಿಗೂ ಅದರ ಮಾತು ಬಿಟ್ಟಿಲ್ಲ.

ರೋಟರಿ ಇಂಜಿನ್ ಒಳಗೆ ನಡೆಯುವುದು ಇಷ್ಟು: ಎರಡು ಬೀಜದ ಕಡಲೆಕಾಯಿಯಂತೆ ನಡುವೆ ತುಸು ಸೊಂಟವಿರುವ ಗೂಡು. ಅದರೊಳಗೆ ಪಕ್ಕೆ ಉಬ್ಬಿದ ತ್ರಿಕೋನದ ರೋಟರ್ ಓಲಾಡುತ್ತ ತಿರುಗುತ್ತದೆ. ಅದರ ಮೂರು ಮುಖಗಳೂ ತಮ್ಮ ತಮ್ಮ ಸರದಿಯಲ್ಲಿ ಪೆಟ್ರೋಲ್-ಗಾಳಿ ಎಳೆದುಕೊಂಡು, ಒತ್ತಿ, ಉರಿಸಿ, ಹೊಗೆ ಹೊರಗೆ ತಳ್ಳುತ್ತವೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಹಾಕಿರುತ್ತದೆ. ಎರಡು ರೋಟರ್‌ಗಳ ಇಂಜಿನ್‌ನಲ್ಲಿ ಅಲುಗಾಡುವ ಮುಖ್ಯ ಭಾಗಗಳು ಮೂರೇ: ಎರಡು ರೋಟರ್, ಒಂದು ಶಾಫ್ಟ್. ಮಾಮೂಲಿ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಹೋಗಿ, ನಿಂತು, ಕೆಳಗಿಳಿಯುವ ಜಗ್ಗಾಟ ಇಲ್ಲಿಲ್ಲ. ಹಾಗಾಗಿಯೇ ಈ ನುಣುಪು.

ಇದನ್ನು ಕಲ್ಪಿಸಿದ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ದೃಷ್ಟಿ ಮಂದವಾದ್ದರಿಂದ ಕಾರು ಓಡಿಸುವ ಲೈಸೆನ್ಸನ್ನೂ ಪಡೆಯಲಿಲ್ಲ. ನಾಜಿ ಪಕ್ಷದ ಜೊತೆಗಿದ್ದ ಅವರ ನಂಟಿನ ಪುಟವನ್ನು ಅಭಿಮಾನಿಗಳು ಸಾಮಾನ್ಯವಾಗಿ ಬೇಗ ತಿರುವಿಬಿಡುತ್ತಾರೆ. ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಅವರ ಮೊದಲ ಇಂಜಿನ್ ಚಾಲೂ ಆಯಿತು. ಅದರಲ್ಲಿ ರೋಟರ್ ಜೊತೆ ಗೂಡೂ ತಿರುಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬದಲಿಸಲು ಇಂಜಿನ್ನನ್ನೇ ಬಿಚ್ಚಬೇಕು! ಗೂಡನ್ನು ಕದಲದಂತೆ ಮಾಡಿ ಬಳಕೆಗೆ ತಂದವರು ಅದೇ ಕಂಪನಿಯ ಹ್ಯಾನ್ಸ್ ಡೀಟರ್ ಪಾಶ್ಕೆ. ತನ್ನ ರೇಸಿನ ಕುದುರೆಯನ್ನು ನೇಗಿಲಿಗೆ ಕಟ್ಟಿದರೆಂದು ವಾಂಕೆಲ್ ಗೊಣಗಿದರಂತೆ. ಇಂದು ಜಗತ್ತು ವಾಂಕೆಲ್ ಹೆಸರಿನಲ್ಲಿ ಕರೆಯುವುದು ಆ ನೇಗಿಲಿನ ಕುದುರೆಯನ್ನೇ.

ಈ ಇಂಜಿನ್ ತಯಾರಿಸುವ ಲೈಸೆನ್ಸಿಗೆ ಕ್ಯೂ ಹತ್ತಿತು. ಮರ್ಸಿಡಿಸ್, ರೋಲ್ಸ್ ರಾಯ್ಸ್, ಜನರಲ್ ಮೋಟಾರ್ಸ್, ಸಿಟ್ರೊಯೆನ್... ಹೆಚ್ಚಿನವರು ಕೈಸುಟ್ಟುಕೊಂಡರು. ಎನ್‌ಎಸ್‌ಯು ತಾನೇ 1967ರಲ್ಲಿ ತಂದ ಆರ್‌ಒ 80 ಕಾರು ಮರುವರ್ಷ ಯುರೋಪಿನ ವರ್ಷದ ಕಾರು ಎನಿಸಿಕೊಂಡಿತಾದರೂ ರೋಟರ್ ಮೂಲೆಯ ಸೀಲುಗಳು ಸವೆದು ಇಂಜಿನ್‌ಗಳು ವಾಪಸು ಬರತೊಡಗಿದವು. 1969ರಲ್ಲಿ ಕಂಪನಿ ಆಟೊ ಯೂನಿಯನ್ ಜೊತೆ ವಿಲೀನವಾಯಿತು. ಸಿಟ್ರೊಯೆನ್ ತನ್ನ ಒಂದು ರೋಟರಿ ಮಾದರಿಯ 847 ಕಾರುಗಳನ್ನು ಮಾರಿ, ಆಮೇಲೆ ಅವುಗಳನ್ನು ಮರಳಿ ಕೊಂಡು ಗುಜರಿಗೆ ಹಾಕಲು ಹೊರಟಿತು.

ಹಿಡಿದ ಹಟ ಬಿಡದಿದ್ದದ್ದು ಹಿರೋಶಿಮಾದ ಟೊಯೊ ಕೊಗ್ಯೊ, ಅಂದರೆ ಇಂದಿನ ಮಾಜ್ದಾ. ಮೂರು ಚಕ್ರದ ಸಾಮಾನು ಗಾಡಿಗಳಿಂದ ಬೆಳೆದ ಸಣ್ಣ ಕಂಪನಿ ಅದು. 1960ರ ದಶಕದ ಆರಂಭದಲ್ಲಿ ಜಪಾನ್ ಸರ್ಕಾರ ಕಾರು ಕಂಪನಿಗಳನ್ನೆಲ್ಲ ಕೆಲವೇ ಗುಂಪುಗಳಿಗೆ ಸೇರಿಸುವ ಆಲೋಚನೆಯಲ್ಲಿತ್ತು. ಬೇರೆ ಯಾರಲ್ಲೂ ಇಲ್ಲದ್ದು ತನ್ನಲ್ಲಿಲ್ಲದಿದ್ದರೆ ಉಳಿಗಾಲವಿಲ್ಲ ಎಂದು ಅಧ್ಯಕ್ಷ ಟ್ಸುನೆಜಿ ಮಾಟ್ಸುಡಾ 1961ರಲ್ಲಿ ಎನ್‌ಎಸ್‌ಯು ಜೊತೆ ಒಪ್ಪಂದ ಮಾಡಿಕೊಂಡರು. 1963ರಲ್ಲಿ ಕೆನಿಚಿ ಯಮಮೊಟೊ ಅವರ ಕೈಕೆಳಗೆ 47 ಎಂಜಿನಿಯರ್‌ಗಳ ತಂಡ ಕೂತಿತು. ಜಪಾನಿ ಚರಿತ್ರೆಯಲ್ಲಿ ಒಡೆಯನಿಗಾಗಿ ಪ್ರಾಣವನ್ನೇ ಪಣಕ್ಕಿಟ್ಟ 47 ಸಮುರಾಯ್‌ಗಳಿದ್ದಾರೆ. ತಂಡಕ್ಕೆ ಅದೇ ಹೆಸರು ಅಂಟಿತು.

ಅವರ ನಿದ್ದೆ ಕೆಡಿಸಿದ್ದು ಕೆಲವೇ ಮಿಲಿಮೀಟರ್ ದಪ್ಪದ ಒಂದು ಪಟ್ಟಿ. ರೋಟರಿನ ಮೂರು ಮೂಲೆಗಳಲ್ಲೂ ಸ್ಪ್ರಿಂಗಿನ ಮೇಲೆ ಕೂತು, ಗೂಡಿನ ಗೋಡೆಗೆ ಸದಾ ಒತ್ತಿಕೊಂಡು, ಒಂದು ಕೋಣೆಯ ಬೆಂಕಿ ಪಕ್ಕದ ಕೋಣೆಗೆ ನುಗ್ಗದಂತೆ ತಡೆಯುವ ಸೀಲ್ ಅದು. ಓಡುವಾಗ ಅದು ಅದುರುತ್ತಿತ್ತು. ಇಂಜಿನ್ ಬಿಚ್ಚಿ ನೋಡಿದರೆ ಗೋಡೆಯ ಮೇಲೆ ಉದ್ದಕ್ಕೂ ಸಾಲು ಸಾಲು ಗೀರು. ಎಂಜಿನಿಯರ್‌ಗಳು ಅವಕ್ಕೆ ದೆವ್ವದ ಉಗುರಿನ ಗುರುತು ಎಂದರು. ಸೀಲಿನ ಒಳಗೆ ಅಡ್ಡಕ್ಕೂ ಉದ್ದಕ್ಕೂ ತೂತು ಕೊರೆದು ಅದುರುವ ಲಯವನ್ನೇ ಬದಲಿಸಿದಾಗ ಗೀರು ನಿಂತಿತು. ಕೊನೆಗೆ ಮಾರಾಟದ ಕಾರಿಗೆ ಬಂದದ್ದು ಅಲ್ಯೂಮಿನಿಯಂ ಬೆರೆಸಿದ ಕಾರ್ಬನ್ ಸೀಲ್. 1967ರ ಮೇ ತಿಂಗಳಲ್ಲಿ ಕಾಸ್ಮೊ ಸ್ಪೋರ್ಟ್ ಹೊರಬಂತು: 982 ಸಿಸಿ, 110 ಅಶ್ವಶಕ್ತಿ. ಮುಂದಿನ ವರ್ಷ ನ್ಯೂರ್ಬರ್ಗ್‌ರಿಂಗ್‌ನ 84 ಗಂಟೆಗಳ ಓಟದಲ್ಲಿ ಅದು ನಾಲ್ಕನೆಯದಾಯಿತು. ತಯಾರಾದದ್ದು ಒಟ್ಟು 1,176 ಮಾತ್ರ.

1973ರ ತೈಲ ಬಿಕ್ಕಟ್ಟಿನಲ್ಲಿ ಈ ಇಂಜಿನ್ನಿನ ಹೊಟ್ಟೆಬಾಕತನ ಬಯಲಾಯಿತು. ಮಾಜ್ದಾ ಬ್ಯಾಂಕಿನವರ ಆಸರೆಯಲ್ಲಿ ಎದ್ದು ನಿಲ್ಲಬೇಕಾಯಿತು. ಆದರೂ 1978ರಲ್ಲಿ ಆರ್‌ಎಕ್ಸ್-7 ತಂದಿತು. ಮೂರು ತಲೆಮಾರುಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಾರಾಟವಾದ ಈ ಕಾರೇ ಇಂದಿನ ಅಭಿಮಾನಿ ಬಳಗದ ತಾಯಿಬೇರು.

ಗಾಡಿ ಕಂಡೊಡನೆ ಮೈಲೇಜ್ ಎಷ್ಟು ಎಂದು ಕೇಳುವ ನಮ್ಮಂಥವರಿಗೆ ಇವರ ಪ್ರೀತಿ ಅರ್ಥವಾಗುವುದು ಕಷ್ಟ. ಸೀಲು ಸವೆಯದಿರಲಿ ಎಂದು ಇಂಜಿನ್ ಬೇಕೆಂದೇ ಆಯಿಲ್ ಸುಡುತ್ತದೆ. ಅದು ಸಾಲದೆಂದು ಕೆಲವರು ಪೆಟ್ರೋಲ್ ಟ್ಯಾಂಕಿಗೂ ಟೂ-ಸ್ಟ್ರೋಕ್ ಆಯಿಲ್ ಬೆರೆಸುತ್ತಾರೆ. ತಣ್ಣಗಿನ ಇಂಜಿನ್ ಹಚ್ಚಿ, ಹತ್ತು ಹೆಜ್ಜೆ ಸರಿಸಿ ಆರಿಸಿದರೆ ಒಳಗೆ ಪೆಟ್ರೋಲ್ ತುಂಬಿ ಮತ್ತೆ ಹತ್ತದೇ ಹೋಗಬಹುದು. ಹಳೆಯ ಕಾರು ಕೊಳ್ಳುವಾಗ ಮೂರೂ ಮುಖಗಳ ಒತ್ತಡ ಅಳೆಯುವ ಬೇರೆಯೇ ಮೀಟರ್ ಬೇಕು. ಗಾಳಿ, ಹೊಗೆ ಹಾಯುವ ಪೋರ್ಟುಗಳನ್ನು ಹಿಗ್ಗಿಸಿದ ಇಂಜಿನ್ ನಿಂತಲ್ಲಿ ಒಂದೇ ಸಮ ಓಡುವುದಿಲ್ಲ, ಬ್ರಪ್-ಬ್ರಪ್ ಎಂದು ತಡವರಿಸುತ್ತದೆ. ರಿಪೇರಿಗೆ ಬಂದಂತಿರುವ ಆ ಸದ್ದಿಗೇ ದುಡ್ಡು ಸುರಿಯುವವರಿದ್ದಾರೆ. ಪ್ರತಿ ವರ್ಷ ಏಳನೇ ತಿಂಗಳ ಏಳರಂದು ಯೊಕೊಹಾಮಾದ ಡೈಕೊಕು ಪಾರ್ಕಿಂಗ್‌ನಲ್ಲಿ ಆರ್‌ಎಕ್ಸ್-7 ಮಾಲೀಕರು ನೆರೆಯುತ್ತಾರೆ.

ಪ್ರೀತಿ ಇದ್ದಲ್ಲಿ ಪುರಾಣವೂ ಇರುತ್ತದೆ. ಗೆದ್ದಿತೆಂಬ ಹೊಟ್ಟೆಕಿಚ್ಚಿಗೆ ಲ ಮಾನ್‌ನಲ್ಲಿ ರೋಟರಿಯನ್ನು ನಿಷೇಧಿಸಿದರು ಎನ್ನುವುದು ಅವುಗಳಲ್ಲೊಂದು. ವಾಸ್ತವದಲ್ಲಿ ಎಲ್ಲರೂ 3.5 ಲೀಟರ್ ಪಿಸ್ಟನ್ ಇಂಜಿನ್‌ಗೆ ಬರಬೇಕೆಂಬ ನಿಯಮ ಆ ಗೆಲುವಿಗೂ ಮೊದಲೇ ತೀರ್ಮಾನವಾಗಿತ್ತು. ಮರ್ಸಿಡಿಸ್, ಜಾಗ್ವಾರ್ ಕಾರುಗಳು 1,000 ಕಿಲೋ ತೂಗಬೇಕಿದ್ದಾಗ ಮಾಜ್ದಾಗೆ 830 ಕಿಲೋದ ರಿಯಾಯಿತಿ ಸಿಕ್ಕಿತ್ತು ಎಂಬುದನ್ನು ಈ ಕಥೆ ಹೇಳುವವರು ಹೇಳುವುದಿಲ್ಲ.

ನಮ್ಮ ಕಡೆಗೂ ಈ ಇಂಜಿನ್ ಬಂದಿದೆ, ಕಾರಿನಲ್ಲಲ್ಲ, ಆಕಾಶದಲ್ಲಿ. ಹಗುರ ಮೈ, ಕಡಿಮೆ ಅದುರು; ಪೈಲಟ್ ಇಲ್ಲದ ವಿಮಾನಕ್ಕೆ ಬೇಕಾದದ್ದೂ ಅದೇ. ಬೆಂಗಳೂರಿನ ಎನ್‌ಎಎಲ್, ಎಡಿಇ ಮತ್ತು ಅಹಮದ್‌ನಗರದ ವಿಆರ್‌ಡಿಇ ಎಂಬ ಸಂಶೋಧನಾ ಸಂಸ್ಥೆಗಳು ಕೂಡಿ ಸಿದ್ಧಪಡಿಸಿದ 55 ಅಶ್ವಶಕ್ತಿಯ ವಾಂಕೆಲ್ ಇಂಜಿನ್ ಹೊತ್ತು ಪೈಲಟ್ ಇಲ್ಲದ 'ನಿಶಾಂತ್' ವಿಮಾನ 2009ರಲ್ಲಿ ಕೋಲಾರದ ಬಳಿ ಹಾರಿತು.

ಕಾರುಗಳಲ್ಲಿ 2012ಕ್ಕೆ ಮಾಜ್ದಾದ ರೋಟರಿ ಮಾದರಿ ಆರ್‌ಎಕ್ಸ್-8 ನಿಂತಾಗ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ 2023ರಲ್ಲಿ ಮಾಜ್ದಾ ಎಂಎಕ್ಸ್-30 ಕಾರಿನಲ್ಲಿ 830 ಸಿಸಿಯ ಒಂಟಿ ರೋಟರ್ ಇಂಜಿನ್ ಕೂರಿಸಿತು. ಅದು ಚಕ್ರ ತಿರುಗಿಸುವುದಿಲ್ಲ, ಬ್ಯಾಟರಿಗೆ ಕರೆಂಟ್ ಒದಗಿಸುತ್ತದೆ ಅಷ್ಟೆ. ರೋಟರಿಯನ್ನು ಜನರೇಟರ್ ಮಾಡಿದರಲ್ಲ ಎಂದು ಕೊರಗಿದ ಅಭಿಮಾನಿಗಳಿಗೆ ಅದೇ ವರ್ಷ ಟೋಕಿಯೊ ಪ್ರದರ್ಶನದಲ್ಲಿ ಎರಡು ರೋಟರ್‌ಗಳ ಕೆಂಪು ಸ್ಪೋರ್ಟ್ಸ್ ಕಾರೊಂದರ ಮಾದರಿ ಕಾಣಸಿಕ್ಕಿತು. 2024ರ ಫೆಬ್ರುವರಿಯಲ್ಲಿ ಕಂಪನಿ ರೋಟರಿ ಅಭಿವೃದ್ಧಿ ತಂಡವನ್ನು ಮತ್ತೆ ಕಟ್ಟಿತು, ಈ ಸಲ 36 ಎಂಜಿನಿಯರ್‌ಗಳೊಂದಿಗೆ. ಹೊಗೆ ನಿಯಮಗಳಿಗೆ ಈ ಇಂಜಿನ್ನನ್ನು ಒಗ್ಗಿಸುವುದು ಅವರ ಮುಂದಿರುವ ಮೊದಲ ಕೆಲಸಗಳಲ್ಲೊಂದು.